19ನೇ ಶತಮಾನದಲ್ಲಿ ಅಮೆರಿಕದ ದಕ್ಷಿಣದ ಹಳ್ಳಿಗಾಡಿನಲ್ಲಿ ಅಸಹಜ ಸಾವುಗಳ ತನಿಖೆ ಯಾರು ನಡೆಸುತ್ತಿದ್ದರು?

ಕರೋನರ್ ಎಂಬ ಕೌಂಟಿ ಅಧಿಕಾರಿ. ಆತ ವೈದ್ಯನೇ ಆಗಿರಬೇಕೆಂದಿರಲಿಲ್ಲ. ಅಕ್ಕಪಕ್ಕದ ಗಂಡಸರನ್ನು ಪಂಚರಾಗಿ ಸೇರಿಸಿ, ಹೆಣದ ಮುಂದೆಯೇ ಗಾಯ ನೋಡಿ, ಸಾಕ್ಷಿ ಬರೆದುಕೊಂಡು, ತೀರ್ಪಿಗೆ ಸಹಿ ಹಾಕಿಸುತ್ತಿದ್ದ. ನಮ್ಮ ಶವಪಂಚನಾಮೆಯ ದೂರದ ನೆಂಟ ಎನ್ನಿ. ಗುಲಾಮರು ಸತ್ತಾಗಲೂ ವಿಚಾರಣೆ ನಡೆಯುತ್ತಿತ್ತು, ಆದರೆ ಪಂಚರು ಬಿಳಿಯರು. ‘ದೈವೇಚ್ಛೆಯಿಂದ ಸಾವು’ ಎಂದು ಬರೆದು ಕೈತೊಳೆದುಕೊಳ್ಳುವುದು ಸುಲಭವಿತ್ತು. ಗುಂಪು ನೇಣಿಗೇರಿಸಿದರೆ ‘ಅಪರಿಚಿತರ ಕೈಯಿಂದ’, ಊರಿಗೆಲ್ಲ ಮುಖ ಗೊತ್ತಿದ್ದರೂ!

ಅಪವಾದವೂ ಇದೆ. 1876ರ ಜುಲೈಯಲ್ಲಿ ಸೌತ್ ಕೆರೊಲಿನಾದ ಹ್ಯಾಂಬರ್ಗ್‌ನಲ್ಲಿ ಬಿಳಿಯರ ಗುಂಪು ಆರು ಕಪ್ಪು ಜನರನ್ನು ಕೊಂದಾಗ, ಹಿಂದೆ ಗುಲಾಮರಾಗಿದ್ದ ಪ್ರಿನ್ಸ್ ರಿವರ್ಸ್ ಅವರೇ ಕರೋನರ್ ಸ್ಥಾನದಲ್ಲಿ ಕುಳಿತರು. ತೊಂಬತ್ತಕ್ಕೂ ಹೆಚ್ಚು ಮಂದಿಯ ಮೇಲೆ ಆರೋಪ ಬಿತ್ತು. ಒಬ್ಬರಿಗೂ ಶಿಕ್ಷೆಯಾಗಲಿಲ್ಲ, ಆರೋಪಿಗಳಲ್ಲೊಬ್ಬನಾದ ಬೆಂಜಮಿನ್ ಟಿಲ್ಮನ್ 1890ರಲ್ಲಿ ಗವರ್ನರನಾದ.