ಯುದ್ಧ ಬರೆದ್ರಿ, ಕ್ಯಾಂಪ್ ಎಲ್ಲಿ?

ಗೋಣಿಕೊಪ್ಪ ಹತ್ರದ ಒಬ್ರು ರಿಟೈರ್ಡ್ ಸುಬೇದಾರ್ ಪತ್ರ ಬರೆದಿದ್ದಾರೆ, ಹೆಸರು ಹಾಕೋದು ಬೇಡ ಅಂದಿದ್ದಾರೆ. ಹೋದ ಸಂಚಿಕೇಲಿ ಬಂದಿದ್ದ ಅಮೆರಿಕದ ಅಂತರ್ಯುದ್ಧದ ಲೇಖನದ ಬಗ್ಗೆ ಅವರು ಕೇಳಿರೋದು ಇಷ್ಟು: "ಗೆಟ್ಟಿಸ್‌ಬರ್ಗ್‌ನ ಮೂರು ದಿನದ ಕದನಕ್ಕೆ ನಾಲ್ಕು ಪುಟ ಕೊಟ್ಟಿದ್ದೀರಿ. ಉಳಿದ ದಿನ ಆ ಹುಡುಗ್ರು ಏನ್ ತಿಂದ್ರು, ಎಲ್ಲಿ ಮಲಗಿದ್ರು, ಸಂಬಳ ಟೈಮಿಗೆ ಬರ್ತಿತ್ತಾ? ನಾನು 24 ವರ್ಷ ಸರ್ವಿಸ್ ಮಾಡಿದೀನಿ, ನನ್ನ ಕಡೆ ಗುಂಡು ಬಂದಿದ್ದು ಬೆರಳೆಣಿಕೆ ದಿನ."

ಸುಬೇದಾರ್ ಸಾಹೇಬ್ರೆ, ನೀವು ಹೇಳಿದ್ದು ಸರಿ, ತಪ್ಪು ನಮ್ದೇ. ಅಮೆರಿಕದ ಉತ್ತರದ ರಾಜ್ಯಗಳಿಗೂ ಬೇರೆಯಾಗಿ ಹೋದ ದಕ್ಷಿಣದ ರಾಜ್ಯಗಳಿಗೂ ಮಧ್ಯೆ ಆ ಯುದ್ಧ 1861ರಿಂದ 1865ರವರೆಗೆ ನಾಲ್ಕು ವರ್ಷ ನಡೀತು, ಅದ್ರಲ್ಲಿ ಒಬ್ಬ ಸಿಪಾಯಿ ನಿಜವಾಗ್ಲೂ ಹೊಡೆದಾಡಿದ ದಿನಗಳು ಕಮ್ಮಿ, ಬೆಳಿಗ್ಗೆ ಐದಕ್ಕೆ ಬ್ಯೂಗಲ್, ರೋಲ್ ಕಾಲ್, ಡ್ರಿಲ್, ಸೌದೆ ತರೋದು, ನೀರು ತರೋದು, ಮತ್ತೆ ಡ್ರಿಲ್, ಇದೇ ಅವನ ಯುದ್ಧ. ಇದನ್ನ ಬಿಟ್ಟು ಬರೆದ್ರೆ ಆ ಹುಡುಗನನ್ನೇ ಬಿಟ್ಟ ಹಾಗೆ.

ಊಟದಿಂದ ಶುರು ಮಾಡ್ತೀನಿ, ಅದ್ರಲ್ಲೂ ಕಾಫಿಯಿಂದ, ಯಾಕಂದ್ರೆ ನಾವು ಕೊಡಗಿನೋರು, ಬೇರೆ ಎಲ್ಲಿಂದ ಶುರು ಮಾಡೋದು. ಉತ್ತರದ ಕಡೆಯ ಸೈನ್ಯದಲ್ಲಿ ನೂರು ಜನಕ್ಕೆ ದಿನದ ರೇಷನ್ 10 ಪೌಂಡ್ ಹಸಿ ಬೀಜ, ಹುರಿದದ್ದಾದ್ರೆ 8 ಪೌಂಡ್, ಜೊತೆಗೆ 15 ಪೌಂಡ್ ಸಕ್ಕರೆ. ಅಂದ್ರೆ ಒಬ್ಬೊಬ್ಬನಿಗೆ ಸುಮಾರು 45 ಗ್ರಾಂ ಬೀಜ, ನಮ್ಮನೇಲೂ ಅಷ್ಟು ಖರ್ಚಾಗಲ್ಲ. ಬಕೆಟ್‌ಗೆ ಬೀಜ ಹಾಕಿ ಬಂದೂಕಿನ ಹಿಂಭಾಗದಿಂದ ಕುಟ್ಟೋದು, ಡಬ್ಬಿಯಲ್ಲಿ ನೀರು ಕುದಿಸಿ ಪುಡಿ ಸುರಿಯೋದು, ಅಷ್ಟೆ. ಫಿಲ್ಟರ್ರೂ ಇಲ್ಲ, ಹಾಲಂತೂ ಅಪರೂಪ. ಮಾರ್ಚ್ ಹೋಗ್ತಾ ಹತ್ತು ನಿಮಿಷ ನಿಲ್ಲಿಸಿದ್ರೂ ಸಣ್ಣ ಸಣ್ಣ ಬೆಂಕಿ ಎದ್ದುಬಿಡ್ತಿದ್ವಂತೆ.

ಹಂಚೋ ರೀತಿ ನೋಡಿ. ಸಾರ್ಜೆಂಟ್ ರಬ್ಬರ್ ಕಂಬಳಿ ನೆಲಕ್ಕೆ ಹಾಸಿ, ಎಷ್ಟು ಜನ ಇದಾರೋ ಅಷ್ಟು ಗುಡ್ಡೆ ಕಾಫಿ ಇಡ್ತಿದ್ದ, ಒಂದರಲ್ಲಿ ಜಾಸ್ತಿ ಕಂಡ್ರೆ ಚಿಟಿಕೆ ತೆಗೆದು ಇನ್ನೊಂದಕ್ಕೆ ಹಾಕ್ತಿದ್ದ. ಆಮೇಲೆ ಗುಡ್ಡೆಗೆ ಬೆನ್ನು ಮಾಡಿ ನಿಲ್ತಿದ್ದ. ಇನ್ನೊಬ್ಬ ಒಂದು ಗುಡ್ಡೆಗೆ ಬೆರಳು ತೋರಿಸಿ "ಇದು ಯಾರಿಗೆ" ಅಂತ ಕೇಳಿದ ಕೂಡ್ಲೇ ಸಾರ್ಜೆಂಟ್ ಲಿಸ್ಟ್‌ನಿಂದ ಒಂದು ಹೆಸರು ಕೂಗ್ತಿದ್ದ, ನೋಡ್ದೇನೇ. ನಮ್ಮಲ್ಲಿ ಬೇಟೆ ಮಾಂಸಕ್ಕೆ ಪಾಲು ಹಾಕೋವಾಗ ಹಿರಿಯರು ಎಷ್ಟು ಎಚ್ಚರ ವಹಿಸ್ತಿದ್ರು, ನಾಯಿ ಪಾಲನ್ನೂ ಮರೀತಿರ್ಲಿಲ್ಲ, ಅದು ನೆನಪಾಯ್ತು ನನಗೆ. ಪಾಲು ಸಿಕ್ಕಿದವನು ಸಕ್ಕರೆ ಕಾಫಿ ಎರಡನ್ನೂ ಒಂದೇ ಬಟ್ಟೆ ಚೀಲದಲ್ಲಿ ಕಲಸಿ ಕಟ್ಕೊಳ್ತಿದ್ದ.

ತಿನ್ನೋಕೆ ಹಾರ್ಡ್‌ಟ್ಯಾಕ್, ಬರೀ ಹಿಟ್ಟು ನೀರಿನ ಗಟ್ಟಿ ಬಿಸ್ಕತ್ತು, ಕಾಫಿಯಲ್ಲಿ ಅದ್ದದೆ ಹಲ್ಲಿಗೆ ಬಗ್ಗಲ್ಲ, ಹಳೇದಾದ್ರೆ ಅದ್ದಿದಾಗ ಹುಳ ಮೇಲೆ ತೇಲ್ತಿತ್ತು, ಅದನ್ನ ತೆಗೆದು ಹಾಕಿ ಕುಡೀತಿದ್ರು. ದಕ್ಷಿಣದವರಿಗೆ ಆ ಕಾಫಿಯೂ ಇಲ್ಲ, ಉತ್ತರದ ನೌಕಾಪಡೆ ಬಂದರು ಮುಚ್ಚಿತ್ತು. ಅವರು ಚಿಕೋರಿ, ಹುರಿದ ರೈ ಕಾಳು, ಓಕ್ ಮರದ ಕಾಯಿ, ಗೆಣಸು ಎಲ್ಲ ಕುದಿಸಿ ನೋಡಿದ್ರು. ಅವರ ಹತ್ರ ಹೊಗೆಸೊಪ್ಪು ಮಾತ್ರ ಬೇಕಾದಷ್ಟಿತ್ತು. ವರ್ಜೀನಿಯಾದ ರಪಹನಕ್ ಹೊಳೆಯ ಎರಡು ದಡದಲ್ಲಿ 1862-63ರ ಚಳಿಗಾಲ ಎರಡೂ ಸೈನ್ಯ ಎದುರುಬದುರು ಕೂತಿದ್ದಾಗ, ಹುಡುಗ್ರು ಆಟಿಕೆ ದೋಣಿ ಮಾಡಿ ಹಾಯಿ ಕಟ್ಟಿ ಈ ಕಡೆಯಿಂದ ಕಾಫಿ, ಆ ಕಡೆಯಿಂದ ಹೊಗೆಸೊಪ್ಪು, ಪೇಪರ್ ಕಳಿಸ್ಕೊಂಡ್ರು. ಆಫೀಸರ್‌ಗಳು ಬೇಡ ಅಂದ್ರೂ ನಿಲ್ಲಲಿಲ್ಲ.

ಮಲಗೋದಕ್ಕೆ ಇಬ್ಬರಿಗೆ ಒಂದು ಟೆಂಟ್, ಅರ್ಧ ಬಟ್ಟೆ ಇವನ ಹತ್ರ ಅರ್ಧ ಅವನ ಹತ್ರ, ಗುಂಡಿ ಹಾಕಿ ಸೇರಿಸೋದು. ಚಳಿಗಾಲದಲ್ಲಿ ದಿಮ್ಮಿ ಜೋಡಿಸಿ ಸಂದಿಗೆ ಮಣ್ಣು ಮೆತ್ತಿ ಗುಡಿಸಲು.

ಈಗ ನಮ್ಮ ಲೇಖನ ಬಿಟ್ಟುಬಿಟ್ಟಿದ್ದ ದೊಡ್ಡ ವಿಷಯ. ಆ ಯುದ್ಧದಲ್ಲಿ ಸುಮಾರು 6,20,000 ಜನ ಸತ್ತರು ಅಂತ ಬಹಳ ಕಾಲದಿಂದ ಹೇಳೋ ಲೆಕ್ಕ, ಅದ್ರಲ್ಲಿ ಮೂರರಲ್ಲಿ ಎರಡು ಪಾಲು ಗುಂಡಿನಿಂದ ಸತ್ತಿದ್ದಲ್ಲ, ಕಾಯಿಲೆಯಿಂದ. ಭೇದಿ, ಆಮಶಂಕೆ, ಟೈಫಾಯ್ಡ್, ದಡಾರ. ದೂರ ದೂರದ ಹಳ್ಳಿಗಳಿಂದ ಬಂದ ಹುಡುಗ್ರಿಗೆ ಚಿಕ್ಕಂದಿನಲ್ಲಿ ದಡಾರ ಬಂದೇ ಇರ್ಲಿಲ್ಲ, ಸಾವಿರ ಜನರ ಮಧ್ಯೆ ತಂದು ನಿಲ್ಲಿಸಿದ್ರೆ ಏನಾಗುತ್ತೆ, ಒಂದು ಗುಂಡೂ ಹಾರಿಸದೆ ಸತ್ತವರು ಎಷ್ಟೋ ಜನ. ಟ್ರೆಂಚ್ ಲ್ಯಾಟ್ರಿನ್ ತೋಡಿ ಮಣ್ಣು ಮುಚ್ಚಿ ಅಂತ ಆರ್ಡರ್ ಇತ್ತು, ಸುಮಾರು ಕ್ಯಾಂಪ್‌ನಲ್ಲಿ ಯಾರೂ ಪಾಲಿಸ್ತಿರ್ಲಿಲ್ಲ, ಮಳೆ ಬಂದ್ರೆ ಅದೆಲ್ಲ ಕುಡಿಯೋ ನೀರಿನ ತೋಡಿಗೇ. ಕೀಟಾಣು ಅನ್ನೋದು ಡಾಕ್ಟರ್‌ಗಳಿಗೇ ಗೊತ್ತಿರದ ಕಾಲ. ಕಾಫಿಗೆ ನೀರು ಕುದಿಸ್ತಿದ್ದದ್ದೇ ಎಷ್ಟೋ ಜನರನ್ನ ಉಳಿಸಿರ್ಬೇಕು ಅಂತ ನಾನು ನಂಬ್ತೀನಿ.

ಸಂಬಳ ಕೇಳಿದ್ರಿ. ಬಿಳಿ ಸಿಪಾಯಿಗೆ ತಿಂಗಳಿಗೆ 13 ಡಾಲರ್, ಅದೂ ತಿಂಗಳುಗಟ್ಟಲೆ ಲೇಟು. ಕಪ್ಪು ಸಿಪಾಯಿಗೆ 10, ಅದ್ರಲ್ಲೂ ಬಟ್ಟೆಗೆ ಅಂತ 3 ಹಿಡ್ಕೊಳ್ತಿದ್ರು. ಗುಲಾಮಗಿರಿ ಮುರಿಯೋ ಯುದ್ಧದಲ್ಲೇ ಹೀಗೆ! ಕಪ್ಪು ಸಿಪಾಯಿಗಳದ್ದೇ ಆದ ಮ್ಯಾಸಚೂಸೆಟ್ಸ್‌ನ 54ನೇ ರೆಜಿಮೆಂಟ್‌ನವರು ಸರಿಸಮ ಕೊಡೋವರೆಗೂ ಬೇಡವೇ ಬೇಡ ಅಂತ ಸಂಬಳನೇ ಮುಟ್ಟಲಿಲ್ಲ, 1864ರ ಜೂನ್‌ನಲ್ಲಿ ಕಾಂಗ್ರೆಸ್, ಅಂದ್ರೆ ಅಲ್ಲಿನ ಸಂಸತ್ತು, ಕಾನೂನು ಮಾಡಿ ಸರಿಮಾಡ್ತು. ಅಲ್ಲೀವರೆಗೆ ಅವರ ಮನೇಲಿ ಹೆಂಡ್ತಿ ಮಕ್ಕಳು ಏನ್ ತಿಂದ್ರೋ ಅಂತ ಯೋಚಿಸಿದ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ.

ಇಷ್ಟು ಬರೆಯೋವಾಗ ನನ್ನ ಚಿಕ್ಕಪ್ಪ ನೆನಪಾದ್ರು. 1987ರಲ್ಲಿ ಶಾಂತಿಪಾಲನಾ ಪಡೆ ಜೊತೆ ಶ್ರೀಲಂಕಾಕ್ಕೆ ಹೋದವರು, ಅದೂ ಅಂತರ್ಯುದ್ಧವೇ ತಾನೆ. ಅವರ ಇನ್‌ಲ್ಯಾಂಡ್ ಲೆಟರ್ ಬಂದ್ರೆ ಅಜ್ಜಿ ಗುಂಡಿನ ಸುದ್ದಿ ಇದ್ಯಾ ಅಂತ ಕೇಳೋರು, ಇರ್ತಿರ್ಲಿಲ್ಲ. ಸೆಖೆ, ನೀರು, ಸೊಳ್ಳೆ, "ಕಾಫಿ ಪುಡಿ ಖಾಲಿಯಾಯ್ತು", ಇಷ್ಟೇ. ಅಜ್ಜಿ ಹಾಲಿನ ಪುಡಿ ಡಬ್ಬಿಗೆ ಕಾಫಿ ಪುಡಿ ಒತ್ತಿ ತುಂಬಿ, ಮುಚ್ಚಳದ ಸುತ್ತ ಮೇಣ ಕರಗಿಸಿ ಬಿಟ್ಟು, ಬಿಳಿ ಬಟ್ಟೆಯಲ್ಲಿ ಹೊಲಿದು ಕೊಡ್ತಿದ್ರು, ಅಡ್ರೆಸ್ ಬರೀತಿದ್ದದ್ದು ನಾನು. ಊರ ಹೆಸರಿಲ್ಲ, ನಂಬರ್, ಯೂನಿಟ್, ಎಪಿಓ (ಸೈನ್ಯದ ಪೋಸ್ಟ್ ಆಫೀಸ್), ಮುಗೀತು.

ನಿಮ್ಮ ಪತ್ರದ ಕೊನೇಲಿ ಟ್ರಂಕ್ ತುಂಬ ಹಳೇ ಕಾಗದ ಇದೆ, ಬೇಕಾದ್ರೆ ಕಳಿಸ್ತೀನಿ ಅಂದಿದ್ದೀರಿ. ಬೇಕು ಸರ್. ಮುಂದಿನ ಸಂಚಿಕೇಲಿ ನಾಲ್ಕು ಪುಟ ಅದಕ್ಕೇ ಇಟ್ಟಿದೀನಿ. ಪೋಸ್ಟ್‌ಗೆ ಮಾತ್ರ ಹಾಕ್ಬೇಡಿ, ಈ ಮಳೇಲಿ ಒದ್ದೆಯಾಗಿ ಬರ್ತವೆ. ಭಾನುವಾರ ನಾನೇ ಬರ್ತೀನಿ.