ತಾಮ್ರದ ಪೈಪಿನ ಬೆಸುಗೆ ಏಕೆ ಜಿನುಗುತ್ತದೆ?

ಪ್ರಶ್ನೆ: ಬಚ್ಚಲಿನ 15 ಮಿ.ಮೀ. ತಾಮ್ರದ ಪೈಪಿಗೆ ಎಲ್ಬೋ (ಪೈಪನ್ನು ತಿರುಗಿಸುವ ಬಾಗಿದ ಜೋಡಣೆ) ಕೂರಿಸಿ ಎರಡು ಸಲ ಬೆಸುಗೆ ಹಾಕಿದರೂ ನೀರು ಜಿನುಗುತ್ತಿದೆ. ಏಕೆ?

ಉತ್ತರ: ಬಹುಶಃ ಪೈಪಿನೊಳಗೆ ನೀರು ಉಳಿದುಕೊಂಡಿದೆ. ತುಸು ನೀರಿದ್ದರೂ ಅದು ಆವಿಯಾಗುತ್ತ ಶಾಖ ಹೀರುತ್ತದೆ. ಬೆಸುಗೆ ಕರಗಲು ಬೇಕಾದ ಸುಮಾರು 230 ಡಿಗ್ರಿ ಸೆಲ್ಸಿಯಸ್‌ಗೆ ತಾಮ್ರ ಏರುವುದೇ ಇಲ್ಲ. ಮೇಲಿಂದ ಮತ್ತೆ ಮೆತ್ತಿ ಪ್ರಯೋಜನವಿಲ್ಲ. ಲೈನ್ ಖಾಲಿ ಮಾಡಿ, ಒಂದು ನಲ್ಲಿ ತೆರೆದಿಟ್ಟು, ಹೊಸ ಎಲ್ಬೋ ಹಾಕಿ. ಪೈಪಿನ ತುದಿ, ಎಲ್ಬೋದ ಒಳಮೈ ಎರಡನ್ನೂ ಮಿರುಗುವಂತೆ ಉಜ್ಜಿ, ತೆಳುವಾಗಿ ಫ್ಲಕ್ಸ್ (ಬೆಸುಗೆ ಹಿಡಿಯಲು ನೆರವಾಗುವ ಲೇಪ) ಸವರಿ, ಪೂರ್ತಿ ಒಳಕ್ಕೆ ತಳ್ಳಿ. ಜ್ವಾಲೆ ತಾಗಿಸಬೇಕಾದ್ದು ಎಲ್ಬೋಗೆ, ಬೆಸುಗೆ ತಂತಿಗಲ್ಲ. ಎದುರು ಬದಿಯಿಂದ ತಂತಿ ಮುಟ್ಟಿಸಿ. ಕರಗಿದ್ದನ್ನು ಸಂದಿ ತಾನೇ ಎಳೆದುಕೊಳ್ಳುತ್ತದೆ. ಒಂದು ಬಾಯಿಗೆ ಸುಮಾರು 15 ಮಿ.ಮೀ. ತಂತಿ ಸಾಕು. ತಣಿಯುವವರೆಗೆ ಅಲುಗಿಸಬೇಡಿ. ಕುಡಿಯುವ ನೀರಿನ ಲೈನಾದರೆ ಸೀಸವಿಲ್ಲದ ಬೆಸುಗೆಯೇ ಬೇಕು, ಇದರಲ್ಲಿ ರಾಜಿ ಕೂಡದು.