ಲೆಕ್ಕ ಸರಿ ಇದೆ, ಗುಳಿಗೆ ಯಾಕೆ?

(ಉತ್ತರಿಸುವವರು: ಧಾರವಾಡದಲ್ಲಿ ಪ್ಲೇಟ್‌ಲೆಟ್ ಮತ್ತು ಹೃದಯದ ಕಾಯಿಲೆ ಬಗ್ಗೆ ಕೆಲಸ ಮಾಡುವ ಸಂಶೋಧಕಿ)

ಪ್ರಶ್ನೆ: ಅಪ್ಪನಿಗೆ ಸ್ಟೆಂಟ್ ಹಾಕಿ ನಾಲ್ಕು ತಿಂಗಳಾಯಿತು. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಎರಡೂ ಇವೆ. ಮೊನ್ನೆ ಪ್ಲೇಟ್‌ಲೆಟ್ 2.4 ಲಕ್ಷ ಬಂತು. 'ಎಲ್ಲ ನಾರ್ಮಲ್ ಇದೆ, ರಕ್ತ ತೆಳು ಮಾಡುವ ಗುಳಿಗೆ ಇನ್ಯಾಕೆ' ಅನ್ನುತ್ತಾರೆ. ಹಲ್ಲು ಕೀಳಿಸುವುದಿದೆ ಎಂದು ಎರಡು ದಿನದಿಂದ ತಾವೇ ನಿಲ್ಲಿಸಿದ್ದಾರೆ.
– ಓದುಗರು, ಗದಗ

ಉತ್ತರ: ನಿಮ್ಮ ಪತ್ರ ಓದಿದ ದಿನವೇ ಫೋನ್ ಮಾಡಿ, ಕೂಡಲೇ ಹೃದಯದ ಡಾಕ್ಟರನ್ನು ಕೇಳಿ ಎಂದಿದ್ದೆ. ಅಪ್ಪಾರು ಗುಳಿಗೆ ಮತ್ತೆ ಶುರು ಮಾಡಿದ್ದಾರೆ ಎಂದು ಕೇಳಿ ಸಮಾಧಾನವಾಯಿತು. ಇದೇ ವಾದ ನಡೆಯುತ್ತಿರುವ ಬೇರೆ ಮನೆಗಳಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಪ್ಲೇಟ್‌ಲೆಟ್ ಅಂದರೆ ಗಾಯದಲ್ಲಿ ಒಂದಕ್ಕೊಂದು ಅಂಟಿ ರಕ್ತ ನಿಲ್ಲಿಸುವ ಪುಟ್ಟ ರಕ್ತಕಣ. 1.5ರಿಂದ 4.5 ಲಕ್ಷ ಇದ್ದರೆ ನಾರ್ಮಲ್ ಅನ್ನುವುದು ಅವುಗಳ ತಲೆ ಎಣಿಕೆ, ಅಷ್ಟೇ. ಡೆಂಗ್ಯೂ ಬಂದಾಗಿನಿಂದ ನಮ್ಮ ಕಡೆ ಎಲ್ಲರಿಗೂ ಈ ಲೆಕ್ಕ ಬಾಯಿಪಾಠ. ಹೃದಯದ ವಿಷಯದಲ್ಲಿ ಅವು ಎಷ್ಟಿವೆ ಅನ್ನುವುದಕ್ಕಿಂತ ಎಷ್ಟು ಬೇಗ ಒಂದಕ್ಕೊಂದು ಅಂಟುತ್ತವೆ ಅನ್ನುವುದು ಮುಖ್ಯ. ರಕ್ತನಾಳದ ಒಳಗೋಡೆಯ ಕೊಬ್ಬಿನ ಗಂಟು ಒಡೆದರೆ ಪ್ಲೇಟ್‌ಲೆಟ್‌ಗೆ ಅದೂ ಗಾಯವೇ. ಬೆರಳು ಕೊಯ್ದಾಗ ಮಾಡುವ ಕೆಲಸವನ್ನೇ ಅಲ್ಲೂ ಮಾಡುತ್ತದೆ. ಬೆರಳಲ್ಲಾದರೆ ರಕ್ತ ನಿಲ್ಲುತ್ತದೆ, ಹೃದಯದ ನಾಳದಲ್ಲಾದರೆ ದಾರಿಯೇ ಬಂದ್. ಹೊಸ ಸ್ಟೆಂಟಿನ ತಂತಿಯೂ ಅದಕ್ಕೆ ಪರಕೀಯ ವಸ್ತು.

ಈ ಗುಳಿಗೆಗಳು ರಕ್ತವನ್ನು ತೆಳು ಮಾಡುವುದಿಲ್ಲ, ಅಂಟುವ ಬುದ್ಧಿಯನ್ನು ತಗ್ಗಿಸುತ್ತವೆ. ನಮ್ಮ ಲ್ಯಾಬಿನಲ್ಲಿ ಇದನ್ನು ಕಣ್ಣಾರೆ ನೋಡಬಹುದು. ರಕ್ತವನ್ನು ಮೆಲ್ಲಗೆ ತಿರುಗಿಸಿದರೆ ಮೇಲೆ ನಸು ಹಳದಿ, ಮಬ್ಬು ನೀರು ನಿಲ್ಲುತ್ತದೆ. ಬೆಳಕಿಗೆ ಹಿಡಿದು ಅಲುಗಿಸಿದರೆ ಇಳಕಲ್ ಸೀರೆಯ ಸೆರಗಿನ ಹಾಗೆ ಮಿಂಚು ಸುಳಿಯುತ್ತದೆ. ಅದೇ ಪ್ಲೇಟ್‌ಲೆಟ್. ಅದಕ್ಕೆ ಅಂಟಲು ಕೆಣಕುವ ಅರಾಕಿಡೋನಿಕ್ ಆಮ್ಲದ ಒಂದು ಹನಿ ಬಿಟ್ಟರೆ ಕೆಲವೇ ನಿಮಿಷದಲ್ಲಿ ಗಂಟುಕಟ್ಟಿ ನೀರು ತಿಳಿಯಾಗುತ್ತದೆ. ಆಸ್ಪಿರಿನ್ ತಿಂದವರದು ಮಬ್ಬಾಗಿಯೇ ಉಳಿಯುತ್ತದೆ. ನೀರು ಎಷ್ಟು ತಿಳಿಯಾಯಿತು ಎಂದು ಯಂತ್ರವೊಂದು ಬೆಳಕು ಹಾಯಿಸಿ ಅಳೆಯುತ್ತದೆ. ವಿಜ್ಞಾನಿ ಗುಸ್ತಾವ್ ಬಾರ್ನ್ 1962ರಲ್ಲಿ ತೋರಿಸಿಕೊಟ್ಟ ಉಪಾಯ ಇದು.

ಒಮ್ಮೆ ರಕ್ತ ಕೊಟ್ಟ ಹುಡುಗನೊಬ್ಬ ಯಾವ ಗುಳಿಗೆಯನ್ನೂ ತಿಂದಿಲ್ಲ ಎಂದು ಆಣೆ ಮಾಡಿದ. ನೀರು ತಿಳಿಯಾಗಲೇ ಇಲ್ಲ. ಯಂತ್ರ ಕೆಟ್ಟಿದೆ ಎಂದು ಅರ್ಧ ದಿನ ಬಿಚ್ಚಿ ಜೋಡಿಸಿದೆ. ಸಂಜೆ ಅವನಿಗೆ ನೆನಪಾಯಿತು: ಹಿಂದಿನ ದಿನ ಅಕ್ಕನ ಮದುವೆಯಲ್ಲಿ ತಲೆನೋವಿಗೆ ಒಂದು ಆಸ್ಪಿರಿನ್! ಪ್ಲೇಟ್‌ಲೆಟ್‌ಗೆ ಕೋಶಕೇಂದ್ರ ಇಲ್ಲ. ಅಂಟಲು ನೆರವಾಗುವ, ಆಸ್ಪಿರಿನ್ ಹಾಳು ಮಾಡಿದ ಕಿಣ್ವವನ್ನು ಅದು ಮತ್ತೆ ತಯಾರಿಸಲಾರದು. 7ರಿಂದ 10 ದಿನದ ಆಯುಷ್ಯವೆಲ್ಲ ಹಾಗೇ. ಆದರೆ ಎಲುಬಿನ ಮಜ್ಜೆಯಿಂದ ದಿನಾ ಸುಮಾರು ಹತ್ತರಲ್ಲೊಂದು ಪಾಲು ಹೊಸವು ಬರುತ್ತವೆ. ಅದಕ್ಕೇ ದಿನಾ ಗುಳಿಗೆ. ಅಪ್ಪಾರು ಬಿಟ್ಟ ಎರಡು ದಿನ ಅವರ ರಕ್ತಕ್ಕೆ ಬಂದವು ಗುಳಿಗೆಯ ಅಂಕೆಯಿಲ್ಲದ ಹೊಸಬರು.

ಹಲ್ಲಿನ ಮಾತು. ನಾನು ಟ್ಯೂಬು ನೋಡುವವಳು, ರೋಗಿಗಳನ್ನಲ್ಲ. ಒಂದು ಹಲ್ಲಿಗೆ ಸಾಮಾನ್ಯವಾಗಿ ಗುಳಿಗೆ ನಿಲ್ಲಿಸುವುದಿಲ್ಲ, ಬಟ್ಟೆ ಒತ್ತಿ ಹಿಡಿದು ರಕ್ತ ನಿಲ್ಲಿಸುತ್ತಾರೆ. ಹಲ್ಲಿನ ಡಾಕ್ಟರು, ಹೃದಯದ ಡಾಕ್ಟರು ಮಾತಾಡಿಕೊಳ್ಳಲಿ.

ಪ್ರಶ್ನೆ: ಹಾಗಾದರೆ 72 ವರ್ಷದ, ಗಟ್ಟಿಮುಟ್ಟಾದ ನಾನೂ ದಿನಾ ಒಂದು ಆಸ್ಪಿರಿನ್ ತೊಗೊಳ್ಳಲೇ?
– ಓದುಗರು, ಹಾವೇರಿ

ಉತ್ತರ: ಸುಮ್ನೆ ಬೇಡ. 2018ರಲ್ಲಿ ಆಸ್ಟ್ರೇಲಿಯಾ, ಅಮೆರಿಕದ 19,114 ಆರೋಗ್ಯವಂತ ಹಿರಿಯರ ಅಧ್ಯಯನ ಪ್ರಕಟವಾಯಿತು. ದಿನಾ ಆಸ್ಪಿರಿನ್ ತಿಂದವರಿಗೆ ಹೃದಯದ ಲಾಭವೇನೂ ಕಾಣಲಿಲ್ಲ, ರಕ್ತಸ್ರಾವ ಮಾತ್ರ ಜಾಸ್ತಿಯಾಯಿತು. ಹಾರ್ಟ್ ಅಟ್ಯಾಕ್ ಆದವರ, ಸ್ಟೆಂಟ್ ಹಾಕಿಸಿಕೊಂಡವರ ಲೆಕ್ಕವೇ ಬೇರೆ.

ಪ್ರಶ್ನೆ: ನಿಮ್ಮ ಸಂಶೋಧನೆಗೆ ರಕ್ತ ಕೊಡಬೇಕೆಂದಿದ್ದೇನೆ. ಬರಬಹುದೇ?
– ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಬಾರಪ್ಪಾ. ಬೆಳಿಗ್ಗೆಯೇ ಬಾ, ರಕ್ತ ತೆಗೆದ ನಾಲ್ಕು ತಾಸಿನೊಳಗೆ ಪರೀಕ್ಷೆ ಮುಗಿಯಬೇಕು. ಹಿಂದಿನ ಹತ್ತು ದಿನ ಯಾವ ಗುಳಿಗೆ ನುಂಗಿದರೂ ಮುಚ್ಚಿಡದೆ ಹೇಳು. ಮತ್ತೆ, ಬರುವ ದಾರಿಯಲ್ಲಿ ಮಿರ್ಚಿ ತಿನ್ನಬೇಡ. ಎಣ್ಣೆ ಹೊಟ್ಟೆಗೆ ಹೋದರೆ ಪ್ಲಾಸ್ಮಾ (ರಕ್ತದ ಆ ಹಳದಿ ನೀರು) ಹಾಲಿನ ಹಾಗಾಗಿ ಯಂತ್ರಕ್ಕೆ ಕಣ್ಣೇ ಕಾಣುವುದಿಲ್ಲ. ಕೆಲಸ ಮುಗಿದ ಮೇಲೆ ಗಿರಮಿಟ್ಟು, ಮಿರ್ಚಿ ನಮ್ಮದು.